ನಮ್ಮ ಅತ್ತೆಯ ಕಣ್ಣು ತೆರೆಸಿದ ಕ್ಯಾಮೆರಾ

ಕ್ಯಾಮೆರಾ ಹಿಡಿದವನ ಸುತ್ತ ಏನಾದರೊಂದು ನಡೆಯುತ್ತಲೇ ಇರುತ್ತದೆ, ಇನ್ನು ಕ್ಯಾಮೆರಾ ಕೊಳ್ಳಬೇಕೆಂದು ಅಲೆಯುವವನ ಪಾಡು ಕೇಳಲೇಬೇಡಿ. ನಾನು ಸೇಡಂನಲ್ಲಿ ಹೈಸ್ಕೂಲು ಮಾಸ್ತರ. ರಜೆ ಸಿಕ್ಕರೆ ಸನ್ನತಿಯ ಕಲ್ಲಿನ ಶಿಲ್ಪ, ಚಂದ್ರಂಪಳ್ಳಿ ಅಣೆಕಟ್ಟಿನ ನೀರು ಅಂತ ಹಳೇ ರೋಲ್ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಡುವ ಹುಚ್ಚು. ಈ ಹುಚ್ಚನ್ನು ಮರ್ಯಾದೆಯಿಂದ ಕಂಡವರು ಒಬ್ಬರೇ, ನನ್ನ ಹೆಂಡತಿಯ ತಾಯಿ. ಚಿಂಚೋಳಿ ತಾಲೂಕಿನ ಚಿಮ್ಮನಚೋಡದಲ್ಲಿದ್ದ ಅವರು ನನ್ನನ್ನು ಅಳಿಯ ಅಂತ ಕರೆದದ್ದೇ ಇಲ್ಲ, ಯಾವಾಗಲೂ ‘ಮಾಸ್ತರ್ರ’. ಅವರ ಮಾತಿನ ಮೇಲೆ ನನಗೆ ಇವತ್ತಿಗೂ ಭಾರೀ ಅಭಿಮಾನ.

ಬರೆದ ಕಣ್ಣು

ಅತ್ತೆಗೆ ಒಂದೇ ಒಂದು ತೊಂದರೆ. ಕ್ಯಾಮೆರಾ ಕಂಡರೆ ಅವರ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಮಗಳ ಮದುವೆ, ಮೊಮ್ಮಗನ ತೊಟ್ಟಿಲು, ಹೊಸ ಮನೆಯ ಪೂಜೆ, ಯಾವ ಫೋಟೋ ನೋಡಿದರೂ ಅತ್ತೆ ಧ್ಯಾನಕ್ಕೆ ಕುಳಿತವರೇ. ಆಗ ರೋಲ್ ತೊಳೆಸಿ ತರುವವರೆಗೆ ಯಾರ ಕಣ್ಣು ಏನಾಗಿದೆ ಅಂತ ಗೊತ್ತಾಗುತ್ತಲೂ ಇರಲಿಲ್ಲ.

ಶಹಾಬಾದಿನ ಸ್ಟುಡಿಯೋದವನೊಬ್ಬ ಮುಚ್ಚಿದ ಕಣ್ಣಿನ ಮೇಲೆ ತೆರೆದ ಕಣ್ಣು ಬರೆದು ಕೊಡುತ್ತಾನೆ ಅಂತ ಸುದ್ದಿ ಬಂತು. ಇದ್ದುದರಲ್ಲಿ ಚೆನ್ನಾಗಿದ್ದ ಒಂದು ಫೋಟೋ ಕೊಟ್ಟು ಬಂದೆ. ಅವನು ಶ್ರದ್ಧೆಯಿಂದ, ಕಿವಿಯ ತನಕ ಬರುವಂಥ ದೊಡ್ಡ ಕಣ್ಣು ಬರೆದು, ಕಾಡಿಗೆಯನ್ನೂ ಹಚ್ಚಿ ಕೊಟ್ಟ. ಚೌಕಟ್ಟು ಹಾಕಿಸಿ ಚಿಮ್ಮನಚೋಡಕ್ಕೆ ಒಯ್ದೆ. ಅತ್ತೆ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಕಣ್ಣು ಭಾಳ ಛಲೋ ಅವ ಮಾಸ್ತರ್ರ,” ಅಂದರು. “ಯಾರವು?”

ಆಮೇಲೆ ನಗು ನಿಲ್ಲಿಸಿ ಒಂದು ಮಾತು ಹೇಳಿದರು. “ನಾ ಹೋದ ಮ್ಯಾಲ ಮೊಮ್ಮಕ್ಕಳ ಮಕ್ಕಳು ಈ ಫೋಟೋ ಎಲ್ಲಾ ನೋಡಿ, ನಮ್ಮ ಮುತ್ತಜ್ಜಿಗಿ ಕಣ್ಣ ಇದ್ದಿಲ್ಲ ಅಂತ ತಿಳ್ಕೋತಾವ. ನನ್ನವೇ ಕಣ್ಣಿರೋದು ಒಂದು ಫೋಟೋ ಆಗ್ಲಿ.” ಮಾತು ತಮಾಷೆಯದೇ, ಆದರೆ ದನಿ ತಮಾಷೆಯದಾಗಿರಲಿಲ್ಲ. ಆಗಲಿ ಅಂತ ಮಾತು ಕೊಟ್ಟುಬಿಟ್ಟೆ.

ಮೂರೋ ಐದೋ

ಕೆಲವು ವರ್ಷಕ್ಕೆ ಡಿಜಿಟಲ್ ಕ್ಯಾಮೆರಾ ಬಂತು. ತೆಗೆದ ಕೂಡಲೇ ನೋಡಬಹುದು, ಕಣ್ಣು ಮುಚ್ಚಿದ್ದರೆ ಅಳಿಸಿ ಮತ್ತೆ ತೆಗೆಯಬಹುದು. ಅತ್ತೆಯ ಕಾಯಿಲೆಗೆ ಇದೇ ಔಷಧ ಅಂತ ನನಗೆ ಖಾತ್ರಿಯಾಯಿತು. ನಮ್ಮ ಕೈಗೆ ಎಟಕುವಂಥದು ಯಾವುದು ಅಂತ ಸ್ಟಾಫ್ ರೂಮಿನಲ್ಲಿ ಬಾಯಿ ತಪ್ಪಿ ಕೇಳಿದೆ. ವಿಜ್ಞಾನದ ಮಾಸ್ತರರು ಮೆಗಾಪಿಕ್ಸೆಲ್ ನೋಡಿ ತಗೊಳ್ಳಿ ಅಂದರು. ಪಿ.ಟಿ. ಮಾಸ್ತರರು ಝೂಮ್ ಇಲ್ಲದ ಕ್ಯಾಮೆರಾ ಕ್ಯಾಮೆರಾನೇ ಅಲ್ಲ ಅಂದರು. ಚಿತ್ತಾಪುರದಲ್ಲಿದ್ದ ನನ್ನ ಷಡ್ಡಕರು ಸುದ್ದಿ ಕೇಳಿ ಫೋನ್ ಮಾಡಿ, ಇನ್ನೊಂದು ವರ್ಷ ತಡೆಯಿರಿ, ಅಗ್ಗ ಆಗುತ್ತದೆ ಅಂದರು. ಮೂವರಲ್ಲಿ ಒಬ್ಬರ ಹತ್ತಿರವೂ ಕ್ಯಾಮೆರಾ ಇರಲಿಲ್ಲ.

ಕೊನೆಗೆ ನಾನೂ ನನ್ನ ಹೆಂಡತಿಯೂ ವಾಡಿಯ ಒಂದು ಅಂಗಡಿಗೆ ಹೋದೆವು. ಅಂಗಡಿಯವರು ಗಾಜಿನ ಮೇಲೆ ಎರಡು ಕ್ಯಾಮೆರಾ ಇಟ್ಟರು. ಒಂದು ಮೂರು ಮೆಗಾಪಿಕ್ಸೆಲ್, ಇನ್ನೊಂದು ಐದು.

“ಫರಕ್ ಏನ್ರಿ?” ಅಂತ ಕೇಳಿದೆ.

“ಮೂರರಾಗ ನೀವು ಕಾಣ್ತೀರಿ ಸಾಬ್,” ಅಂದರು ಅವರು. “ಐದರಾಗ ನಿಮ್ಮ ಮಾರಿಮ್ಯಾಲಿನ ಒಂದೊಂದು ಕಲೆನೂ ಎಣಿಸಬಹುದು.”

ನನ್ನ ಹೆಂಡತಿ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. “ಮೂರರದೇ ಕಟ್ರಿ,” ಅಂದಳು.

ಅವಳ ತೀರ್ಮಾನ ಎಂದೂ ತಪ್ಪಿದ್ದಿಲ್ಲ. ಮೂರರದು ಅಗ್ಗವೂ ಆಗಿತ್ತು, ಪೆನ್ಸಿಲ್ ಸೆಲ್ಲಿನ ಮೇಲೆ ನಡೆಯುತ್ತಿತ್ತು. ಕರೆಂಟನ್ನು ನಂಬಿ ಚಿಮ್ಮನಚೋಡಕ್ಕೆ ಹೋಗುವಂತಿರಲಿಲ್ಲ.

ರೋಲ್ ಎಲ್ಲಿ

ರೈಲು ತಡವಾಗಿತ್ತು. ವಾಡಿ ಜಂಕ್ಷನ್ನಿನಲ್ಲಿ ಸುಮ್ಮನೆ ಕೂತಿರುವುದು ಹೇಗೆ? ಝೂಮ್ ಎಲ್ಲಿಯ ತನಕ ಹೋಗುತ್ತದೆ ನೋಡೋಣ ಅಂತ ದೂರದ ಸಿಗ್ನಲ್ ಕಂಬಕ್ಕೆ ಹಿಡಿದೆ. ಭುಜದ ಮೇಲೆ ಒಂದು ಕೈ ಬಿತ್ತು. ತಿರುಗಿದರೆ ಪೊಲೀಸಪ್ಪ.

“ಟೇಶನ್ದಾಗ ಫೋಟೋ ಹೊಡೀಬಾರ್ದಂತ ಗೊತ್ತಿಲ್ಲೇನ್ರಿ? ರೋಲ್ ಬಿಚ್ಚಿ ಕೊಡ್ರಿ.”

“ಇದ್ರಾಗ ರೋಲ್ ಇರಂಗಿಲ್ರಿ, ಈಗಷ್ಟ ಇಲ್ಲೇ ಅಂಗಡ್ಯಾಗ ತಗೊಂಡೀವಿ,” ಅಂದೆ.

ಅವರು ಕ್ಯಾಮೆರಾ ಇಸಿದುಕೊಂಡು ಬಾಗಿಲು ತೆರೆದರು. ಒಳಗೆ ಎರಡು ಸೆಲ್. ಮುಖದ ಸಿಟ್ಟೆಲ್ಲ ಇಳಿದು ಅಲ್ಲಿ ಕನಿಕರ ಬಂತು. ಅಂಥ ಒಳ್ಳೆಯ ಮನುಷ್ಯರನ್ನು ನಾನು ಆ ಪ್ಲಾಟ್‌ಫಾರ್ಮಿನಲ್ಲಿ ಮತ್ತೆ ಕಂಡಿಲ್ಲ.

“ಖರೇನೇ ಇಲ್ಲ ನೋಡ್ರಿ,” ಅಂದರು ಮೆಲ್ಲಗೆ. “ಓದಿದವ್ರು ಕಾಣ್ತೀರಿ, ರೋಲ್ ನೋಡಿ ತಗೋಬಾರ್ದೇನ್ರಿ? ರೈಲಿಗಿ ಇನ್ನಾ ಟೈಮ್ ಅದ, ಹೊಳ್ಳಿ ಹೋಗಿ ಅಂಗಡಿಯಾವನ್ನ ಹಿಡೀರಿ. ಬೇಕಾದ್ರ ನಾನೂ ಬರ್ತೀನಿ.”

ತೆಗಿ

ಮುಂದಿನ ಭಾನುವಾರ ಚಿಮ್ಮನಚೋಡ. ಅತ್ತೆ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತರು. ಒಂದು, ಎರಡು, ಮೂರು ಅಂದೆ. ಮೂರಕ್ಕೆ ಸರಿಯಾಗಿ ಕಣ್ಣು ಮುಚ್ಚಿತು. ಫ್ಲ್ಯಾಶ್ ಆರಿಸಿದೆ, ಮುಚ್ಚಿತು. ಎಣಿಸದೆ ತೆಗೆದೆ, ಆಗಲೂ ಮುಚ್ಚಿತು. ಅಳಿಸಿ ಅಳಿಸಿ ನನ್ನ ಹೆಬ್ಬೆರಳು ನೋಯಹತ್ತಿತು.

“ಬಿಡ್ರಿ ಮಾಸ್ತರ್ರ, ನನ್ನ ಹಣೇಬರಹ,” ಅಂದು ಅತ್ತೆ ಎದ್ದರು. ಅಷ್ಟರಲ್ಲಿ ಅಂಗಳದಲ್ಲಿ ಒಣ ಹಾಕಿದ್ದ ಶಾವಿಗೆಗೆ ಆಡು ಬಾಯಿ ಹಾಕಿತು. ಅತ್ತೆ ಅದನ್ನು ಬೈಯಲು ತಿರುಗಿದಾಗ ನಾನು ಒತ್ತಿಬಿಟ್ಟೆ. ನೋಡಿದರೆ ಎರಡೂ ಕಣ್ಣು ತೆರೆದಿವೆ, ತುಟಿಯ ಮೇಲೆ ಅರ್ಧ ನಗು ಬೇರೆ. ಅತ್ತೆ ಆ ಪುಟ್ಟ ಪರದೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಅಕ್ಕಪಕ್ಕದ ಮನೆಯವರೆಲ್ಲ ಬಂದರು. ಕ್ಯಾಮೆರಾ ಕೈಯಿಂದ ಕೈಗೆ ಹೋಗಿ ಕೊನೆಗೆ ಮಾವನವರ ಕೈ ಸೇರಿತು.

ಮಾವನವರು ತಹಸೀಲು ಕಚೇರಿಯಿಂದ ನಿವೃತ್ತರಾದವರು, ಕೇಳದೆ ಏನನ್ನೂ ಮುಟ್ಟುವವರಲ್ಲ. “ಅಳಿಯಂದಿರ, ಈ ಡಬ್ಬಿ ಚಿತ್ರ ಇರೋ ಗುಂಡಿ ಯಾತಕ್ಕ?” ಅಂತ ಕೇಳಿದರು. ನಾನು ಎಲ್ಲರನ್ನೂ ಸಾಲಾಗಿ ಕೂರಿಸಲು ಕುರ್ಚಿ ಎಳೆಯುತ್ತಿದ್ದೆ. ತಿರುಗಿಯೂ ನೋಡದೆ, “ಅದು ಫೋಟೋ ತೆಗೀಲಿಕ್ಕ ಮಾವ್ರ,” ಅಂದೆ.

ಕನ್ನಡದಲ್ಲಿ ಫೋಟೋ ಹಿಡಿಯುವುದೂ ತೆಗೆಯುವುದೇ, ಇದ್ದದ್ದನ್ನು ಇಲ್ಲವಾಗಿಸುವುದೂ ತೆಗೆಯುವುದೇ. ರೋಲ್ ಕಾಲದಲ್ಲಿ ಇದರಿಂದ ಯಾರಿಗೂ ತ್ರಾಸ ಆಗಿರಲಿಲ್ಲ.

“ಎಲ್ಲಾರೂ ಹಿಂಗ ನೋಡ್ರಿ, ನಾನೂ ಒಂದು ತೆಗೀತೀನಿ,” ಅಂದರು ಮಾವನವರು. ಡಬ್ಬಿ ಒತ್ತಿದರು. ಕ್ಯಾಮೆರಾ ಇಂಗ್ಲಿಷಿನಲ್ಲಿ ಏನೋ ಕೇಳಿತು. ಸರ್ಕಾರಿ ನೌಕರಿಯಲ್ಲಿ ಜನ್ಮ ಕಳೆದವರು, ಕೇಳಿದ್ದಕ್ಕೆ ಓಕೆ ಅಂದರು.

“ತೆಗೆದೆ,” ಅಂದರು ಹೆಮ್ಮೆಯಿಂದ.

ನಾನು ಓಡಿ ಹೋಗಿ ನೋಡಿದೆ. ಅತ್ತೆಯ ಫೋಟೋ ಇದ್ದಲ್ಲಿ ಏನೂ ಇರಲಿಲ್ಲ. ವಿಷಯ ಹೇಳಿದೆ. ಅತ್ತೆ ಗಂಡನ ಕಡೆ ತಿರುಗಿ ನೆಟ್ಟ ಕಣ್ಣಿನಿಂದ ನೋಡಿದರು. ನನ್ನ ಹೆಂಡತಿ ನನ್ನ ಕೈಯಿಂದ ಕ್ಯಾಮೆರಾ ಕಸಿದುಕೊಂಡು ಕ್ಲಿಕ್ ಅನಿಸಿದಳು. ಅತ್ತೆಯ ರೆಪ್ಪೆ ಅಲುಗಲಿಲ್ಲ. ಇನ್ನೊಂದು ತೆಗೆದಳು, ಆಗಲೂ ಅಲುಗಲಿಲ್ಲ. ಅಂಥ ಕಣ್ಣನ್ನು ನಾನು ಸನ್ನತಿಯ ಕಲ್ಲಿನಲ್ಲೂ ಕಂಡಿರಲಿಲ್ಲ. ಬೆಂಕಿಯಂಥ ಕಣ್ಣು, ಪೂರ್ತಿ ಅತ್ತೆಯವೇ.

ಆ ಫೋಟೋವನ್ನೇ ದೊಡ್ಡದಾಗಿ ಮಾಡಿಸಿ ಪಡಸಾಲೆಯಲ್ಲಿ ತೂಗುಹಾಕಿದೆವು. ಅತ್ತೆ ಅದನ್ನು ನೋಡಿ, “ಹೂಂ, ಇವು ನನ್ನವೇ,” ಅಂದು ಕಣ್ಣೊರೆಸಿಕೊಂಡರು. ಮಾವನವರು ಮಾತ್ರ ಬಂದವರನ್ನೆಲ್ಲ ಕೈ ಹಿಡಿದು ಫೋಟೋದ ಮುಂದೆ ನಿಲ್ಲಿಸುತ್ತಿದ್ದರು.

“ಇಕಿ ನನ್ನ ಹಿಂಗ ನೋಡ್ತಾಳಂತ ಲಗ್ನ ಆದಾಗಿಂದ ಹೇಳಾಕತ್ತೀನಿ, ಒಬ್ರೂ ನಂಬಿದ್ದಿಲ್ಲ,” ಅನ್ನುತ್ತಿದ್ದರು. “ಈಗ ನೀವೇ ನೋಡ್ರಿ.”