ನಿಲ್ಲಿಸಿಕೊಂಡು ಬಂದ ಫ್ರಿಜ್

ಫ್ರಿಜ್ಜನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸುವ ಬಗೆ ನನಗೆ ಚೆನ್ನಾಗಿ ಗೊತ್ತಿತ್ತು. ಆ ಬಗ್ಗೆ ನಮ್ಮ ಪತ್ರಿಕೆಯ ಭಾನುವಾರದ ಪುಟದಲ್ಲಿ ಲೇಖನವನ್ನೇ ಬರೆದವನು ನಾನು! ಒಳಗಿನದನ್ನೆಲ್ಲ ಖಾಲಿ ಮಾಡಿ. ಮಲಗಿಸಬೇಡಿ, ನಿಲ್ಲಿಸಿಯೇ ಸಾಗಿಸಿ. ಅಕಸ್ಮಾತ್ ಮಲಗಿಸಿದ್ದರೆ, ಹಲವು ಗಂಟೆ ನೆಟ್ಟಗೆ ನಿಲ್ಲಿಸಿಟ್ಟ ಮೇಲೆಯೇ ಸ್ವಿಚ್ ಹಾಕಿ. ಒಂದು ಕಾಗುಣಿತದ ತಪ್ಪೂ ಇರಲಿಲ್ಲ.

ಚಿಂತಾಮಣಿಯ ಬಾಡಿಗೆ ಮನೆ ಬಿಟ್ಟು ಚಿಕ್ಕಬಳ್ಳಾಪುರಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಪಿತೃಪಕ್ಷ ಶುರುವಾದರೆ ಮನೆ ಬದಲಾಯಿಸುವಂತಿಲ್ಲ. ಆದ್ದರಿಂದ ಅವಸರ.

ಫ್ರೀಜರಿನಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಅದರ ತುಂಬ ಹಿತಕಿದ ಅವರೆಬೇಳೆ. ಹೋದ ಅವರೆಕಾಯಿ ಕಾಲದಲ್ಲಿ ನಮ್ಮಮ್ಮ ಕಾಳು ನೆನೆಸಿ, ಒಂದೊಂದಾಗಿ ಸಿಪ್ಪೆ ಹಿತಕಿ, ಮುಚ್ಚಳ ಜಾರದಂತೆ ತನ್ನ ಹಳೇ ಸೀರೆಯ ಅಂಚಿನಿಂದ ಕಟ್ಟಿ ಇಟ್ಟದ್ದು. ಯುಗಾದಿ ಹೊತ್ತಿಗೆ ಅಮ್ಮ ಇರಲಿಲ್ಲ. ಡಬ್ಬಿ ಇತ್ತು. ಅಮ್ಮನ ಮೊದಲ ಪಕ್ಷದ ಎಡೆಗೆ ಆ ಬೇಳೆಯದೇ ಸಾರು ಮಾಡಬೇಕೆಂದು ನನ್ನ ಹೆಂಡತಿ ಸುಮ ಅದನ್ನು ಕಾದಿಟ್ಟಿದ್ದಳು.

“ಡಬ್ಬಿ ನಾನು ಐಸ್ ಹಾಕ್ಕೊಂಡು ತೊಡೆ ಮೇಲೆ ಇಟ್ಕೊಂಡು ಬರ್ತೀನಿ ಕಣ್ರೀ,” ಎಂದಳು.

“ಫ್ರೀಜರಿಗಿಂತ ತಂಪಾದ ಜಾಗ ಯಾವುದಿದೆ ಹೇಳು? ಬಾಗಿಲು ತೆಗೀದಿದ್ರೆ ಎರಡು ಗಂಟೆ ಏನೂ ಆಗಲ್ಲ.”

“ಖಾಲಿ ಮಾಡಿ ಅಂತ ನೀವೇ ಬರ್ದಿದ್ದೀರಲ್ಲ?”

“ಅದು ಓದುಗರಿಗೆ ಕಣೇ!”

ಬಾಗಿಲಿಗೆ ಸುತ್ತಲೂ ಟೇಪು ಅಂಟಿಸಿದೆ. ರಾಹುಕಾಲಕ್ಕೆ ಮೊದಲು ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕಿತ್ತು. ನಾವಿಬ್ಬರೂ ಸ್ಕೂಟರಿನಲ್ಲಿ ಮುಂದೆ ಹೊರಟೆವು. ಹೊರಡುವ ಮುನ್ನ ಟೆಂಪೋ ಡ್ರೈವರ್ ವೆಂಕಟರವಣಪ್ಪನಿಗೆ ಖಚಿತವಾದ ಸೂಚನೆ ಕೊಟ್ಟೆ.

“ನೋಡಪ್ಪ, ಫ್ರಿಜ್ ಇದೆ. ನಿಲ್ಲಿಸ್ಕೊಂಡೇ ಬರ್ಬೇಕು. ನಿಲ್ಲಿಸ್ದೆ ಬಂದ್ರೆ ಒಳಗಿನ ಎಣ್ಣೆ ಪೈಪಿಗೆ ನುಗ್ಗಿ ಕೆಟ್ಟೋಗ್ತದೆ.”

“ಸರೇ ಸಾರ್. ನಿಲ್ಸ್ಕೊಂಡೇ ಬರ್ತೀನಿ.”

ಹಾಲು ಉಕ್ಕಿತು. ಎರಡು ಗಂಟೆ ಕಳೆಯಿತು. ಟೆಂಪೋ ಇಲ್ಲ. ಫೋನ್ ಮಾಡಿದೆ.

“ಎಲ್ಲಿದ್ದೀಯಪ್ಪ?”

“ಶಿಡ್ಲಘಟ್ಟ ಸಾರ್.”

“ನಿಲ್ಸಿದ್ದೀಯ ತಾನೆ?”

“ನಿಲ್ಸಿದ್ದೀನಿ ಸಾರ್!”

“ಭೇಷ್! ಹಾಗೇ ನಿಲ್ಸ್ಕೊಂಡು ಬಾ.”

ಮತ್ತೆ ಒಂದು ಗಂಟೆ ಬಿಟ್ಟು ಮಾಡಿದೆ. ಆಗಲೂ ಶಿಡ್ಲಘಟ್ಟ. ಆಗಲೂ ನಿಲ್ಲಿಸಿದ್ದ. ಆಗಲೂ ನಾನು ಭೇಷ್ ಅಂದೆ!

ಟೆಂಪೋ ಬಂದಾಗ ಮಧ್ಯಾಹ್ನ ಮೂರೂವರೆ. ಹಿಂದಿನ ಪರದೆ ಸರಿಸಿದೆ. ಫ್ರಿಜ್ ಹಾಸಿಗೆಗಳ ಮೇಲೆ ಆರಾಮಾಗಿ ಅಂಗಾತ ಮಲಗಿತ್ತು.

“ನಿಲ್ಲಿಸು ಅಂದಿದ್ನಲ್ಲಯ್ಯ!”

“ಏಮಿ ಸಾರ್, ಹಿಂಗಂತೀರಾ? ಊರು ಊರಿಗೂ ನಿಲ್ಸಿದ್ದೀನಿ! ಇಂಜಿನ್ ಆಫ್ ಮಾಡಿ, ಫ್ರಿಜ್ಜಿಗೆ ರೆಸ್ಟು ಕೊಟ್ಟು ಬಂದಿದ್ದೀನಿ. ಶಿಡ್ಲಘಟ್ಟದಾಗೆ ಊಟಾನೂ ಆಯ್ತು. ನೀವೇ ಭೇಷ್ ಅಂದ್ರಿ!”

“ಗಾಡಿ ಅಲ್ಲಯ್ಯ, ಫ್ರಿಜ್ಜು!”

“ಫ್ರಿಜ್ಜು ಓಡ್ತದಾ ಸಾರ್, ನಿಲ್ಸೋಕೆ?”

ಎರಡರ್ಥ ಬರುವ ವಾಕ್ಯಗಳನ್ನು ಹುಡುಕಿ ಹೊಡೆದುಹಾಕುವುದೇ ಸುದ್ದಿಮನೆಯಲ್ಲಿ ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಸಂಬಳ ತೆಗೆದುಕೊಳ್ಳುತ್ತಿದ್ದೇನೆ.

ಫ್ರಿಜ್ಜನ್ನು ಅಡುಗೆಮನೆಯಲ್ಲಿ ನಿಲ್ಲಿಸಿದೆವು. ಸುಮ ಪ್ಲಗ್ ಹಿಡಿದು ಬಂದಳು. ನಾನು ಅಡ್ಡ ನಿಂತೆ. “ಬೇಡ! ಮಲಗಿಸಿದ್ದಾರೆ. ನಾಳೆ ಬೆಳಿಗ್ಗೆ ತನಕ ಮುಟ್ಟೋ ಹಾಗಿಲ್ಲ. ಕಂಪ್ರೆಸರ್ ಹೋಗ್ತದೆ.”

ಪಕ್ಕದ ಮನೆಯ ಗಿರಿಜಮ್ಮನವರು ಕಾಫಿ ತಂದಿದ್ದರು. ವಿಷಯ ಕೇಳಿ, “ಡಬ್ಬಿ ಕೊಡ್ರಪ್ಪ, ನಮ್ ಫ್ರಿಜ್ಜಲ್ಲಿ ಜಾಗ ಐತೆ,” ಎಂದರು.

“ಬೇಡಮ್ಮ, ತುಂಬಾ ಥ್ಯಾಂಕ್ಸ್. ಬಾಗಿಲು ತೆಗೆದ್ರೆ ಇರೋ ತಂಪೂ ಹೋಗ್ತದೆ,” ಎಂದೆ, ತಜ್ಞನಂತೆ. ಸುಮ ಡಬ್ಬಿಯ ಕಡೆ, ಅಂದರೆ ಟೇಪು ಸುತ್ತಿದ ಬಾಗಿಲಿನ ಕಡೆ, ಒಮ್ಮೆ ನೋಡಿದಳು. ಹೊಸ ನೆರೆಯವರ ಮುಂದೆ ಗಂಡನ ಮಾತಿಗೆ ಎದುರಾಡಲಿಲ್ಲ. ಎದುರಾಡಬೇಕಿತ್ತು.

ಬೆಳಿಗ್ಗೆ ಟೇಪು ಕಿತ್ತೆ. ವಾಸನೆಯೇ ಮೊದಲು ಬಂತು. ಸೀರೆಯಂಚಿನ ಗಂಟು ಹಾಗೇ ಇತ್ತು. ಅಮ್ಮ ಹಾಕಿದ ಗಂಟು. ಅಷ್ಟು ತಿಂಗಳು ಯಾರೂ ಬಿಚ್ಚಿರಲಿಲ್ಲ. ಬಿಚ್ಚಿದೆ. ಬೇಳೆ ಲೋಳೆಯಾಗಿ ಹುಳಿ ನೊರೆ ಎದ್ದಿತ್ತು.

ಸುಮ ಬೇಳೆಯನ್ನು ಹಿತ್ತಲ ನುಗ್ಗೆಮರದ ಬುಡಕ್ಕೆ ಸುರಿದು, ಡಬ್ಬಿ ತೊಳೆದು, ಆ ಸೀರೆಯಂಚನ್ನು ಹಿಂಡಿ ಹೊಸ ಮನೆಯ ತಂತಿಯ ಮೇಲೆ ಒಣಗಹಾಕಿದಳು. ತಂತಿಯ ಮೇಲೆ ಬೇರೆ ಬಟ್ಟೆ ಇರಲಿಲ್ಲ.

ಸ್ವಿಚ್ ಹಾಕಿದೆ. ಫ್ರಿಜ್ ಗುಂಯ್ ಎಂದು ಓಡಿತು. ಏನೂ ಕೆಟ್ಟಿರಲಿಲ್ಲ. ನನ್ನ ಲೇಖನ ಅಕ್ಷರಶಃ ನಿಜ!

ಎಡೆಯ ಹಿಂದಿನ ದಿನ ಸುಮ ಅಂಗಡಿಯ ಒಣ ಅವರೆಕಾಳು ನೆನೆಸಿದಳು. ಹಿತಕಲು ನಾನೂ ಕೂತೆ. ಅಮ್ಮ ಮಾತಾಡುತ್ತಲೇ, ಕೈ ನೋಡದೆಯೇ ಹಿತಕುತ್ತಿದ್ದಳು. ಬೇಳೆ ಸದ್ದಿಲ್ಲದೆ ಪಾತ್ರೆಗೆ ಬೀಳುತ್ತಿತ್ತು. ನಾನು ಹಿತಕಿದ್ದು ಪಾತ್ರೆಯೊಂದನ್ನು ಬಿಟ್ಟು ಎಲ್ಲ ಕಡೆ ಹಾರಿತು.

“ಮೆತ್ತಗೆ ಕಣ್ರೀ,” ಎಂದಳು ಸುಮ. “ಅತ್ತೆ ನೋಡಿದ್ರೆ ನಗ್ತಿದ್ರು.”

ಇನ್ನೊಂದು ಒತ್ತಿದೆ. ಅದು ನೇರವಾಗಿ ಹೋಗಿ ಫ್ರಿಜ್ಜಿಗೆ ಟಪ್ಪೆಂದು ಬಡಿದು ಕೆಳಗೆ ಬಿತ್ತು. ಫ್ರಿಜ್ ಅಲ್ಲಾಡಲಿಲ್ಲ. ಈಗ ಅದು ನೆಟ್ಟಗೆ ನಿಂತಿದೆ, ಲೇಖನದಲ್ಲಿ ಹೇಳಿದಂತೆಯೇ. ಒಳಗೂ ಖಾಲಿ, ಲೇಖನದಲ್ಲಿ ಹೇಳಿದಂತೆಯೇ.