ಕೆಳಗಿನ ಮನಿ ಬೂಷ್ಟು, ಮ್ಯಾಲಿನ ಮನಿ ಬಿಸಲು

ಕಿರಾಯಿ ಮನ್ಯಾಗ ಇದ್ದವರಿಗೆ ನಗೋ ಪ್ರಸಂಗಕ್ಕ ಬರ ಇಲ್ರಿ. ಒಂದು ಮುಗೀತು ಅಂತ ಕೂಡೋದ್ರಾಗ ಇನ್ನೊಂದು ಬಾಗಲದಾಗ ಬಂದು ನಿಂತಿರ್ತದ. ನಮ್ಮ ಮನಿ ಪ್ರಸಂಗಕ್ಕೆಲ್ಲಾ ಕಾರಣ ಎರಡ: ಒಂದು, ಗ್ವಾಡಿಗೆ ಹತ್ತಿದ ಬೂಷ್ಟು. ಇನ್ನೊಂದು, ನನ್ನ ಹೊಟ್ಟಿಗೆ ಹತ್ತಿದ ಉರಿ. ಬೂಷ್ಟು ಮಳಿಗಾಲ ಮುಗದ್ರ ಜರಾ ಕಮ್ಮಿ ಆಗ್ತದ. ಉರಿಗೆ ಹಂಗೇನೂ ಇಲ್ಲ, ಅದು ವರ್ಷಪೂರ್ತಿ ಇರ್ತದ.

ನಾವಿರೋದು ಬಸವಕಲ್ಯಾಣದಾಗ, ಕೋಟೆ ಕಡಿ ಹೋಗೋ ಒಂದು ಸಂದ್ಯಾಗ. ಹಳೀ ಕಲ್ಲಿನ ಮನಿ, ಕೆಳಗೊಂದು ಮನಿ, ಮ್ಯಾಲೊಂದು ಮನಿ. ಕೆಳಗಿಂದು ನಮ್ಮದು. ಒಳಗ ಬಿಸಲು ಬರೋದಿಲ್ಲ, ಗಾಳಿ ಬರೋದಿಲ್ಲ, ಬರೋದು ಬರೇ ಕಿರಾಯಿ ಕೇಳೋ ಫೋನ್. ಮ್ಯಾಲಿನ ಮನಿ ಬ್ಯಾರೆ. ಎರಡು ಕಡಿ ಖಿಡಕಿ, ಮುಂದ ದೊಡ್ಡ ಬಯಲು ಮಾಳಗಿ, ಮುಂಜಾನಿಂದ ಸಂಜೀತನಕ ಬಿಸಲು. "ಮ್ಯಾಲಿಂದು ಖಾಲಿ ಆದ್ರ ನಿಮಗ ಕೊಡ್ತೀನಿ" ಅಂತ ಮಾಲಕರು ನನಗ ಮಾತು ಕೊಟ್ಟಿದ್ರು. ಖಾಲಿ ಆತು. ನಾ ತವರಮನಿಗೆ ಹೋಗಿ ಬರೋದ್ರಾಗ ಬ್ಯಾರೆಯವರು ಬಂದು ಹಾಲು ಉಕ್ಕಿಸಿಬಿಟ್ಟಿದ್ರು. ಅವರ ಮನಿಯಾಕೀನ ಮ್ಯಾಲಿನ ವೈನಿ. ಅವತ್ತಿನಿಂದ ನನಗ ಜೀವನದಾಗ ಬೇಕಾದದ್ದು ಒಂದ: ಆ ಮ್ಯಾಲಿನ ಮನಿ.

ಒಣಗಿದ್ದನ್ನ ಒಣಗಸೋದು

ಶ್ರಾವಣದ ಜಿಟಿಜಿಟಿ ಮಳಿ ಹಿಡಕೊಂಡು ಕುಂತಿತ್ತು. ಕಪಾಟ ತೆರದ್ರ ನಮ್ಮವ್ವ ಹೊಲಿದ ಕೌದಿ ಮ್ಯಾಲ ಹಸರ ಚುಕ್ಕಿ. ನಮ್ಮವ್ವ ಕಣ್ಣು ಮಂಜಾಗೂತನಕ ಕುಂತು, ಮನಿಯವರೆಲ್ಲರ ಹಳೀ ಸೀರಿ ಧೋತರ ಕೂಡಿಸಿ ಹೊಲಿದ ಕೌದಿ ಅದು. ನೋಡಿ ನನಗ ಅಳು ಬಂತು. ಅಷ್ಟರಾಗ ಹೊರಗ ಫಳ್ ಅಂತ ಬಿಸಲು ಬಿತ್ತು. ಕೌದಿ ಹೆಗಲಿಗೆ ಹಾಕ್ಕೊಂಡು, ಏದುಸಿರು ಬಿಡ್ಕೋತ ಮಾಳಗಿಗೆ ಓಡಿದೆ.

ಓಡಿ ಏನು ಮಾಡ್ತೀರಿ! ಮಾಳಗಿ ತುಂಬ ಹಾಸಿಗಿ, ತಲಿದಿಂಬು, ಚಾದರ. ಕಾಲಿಡಾಕ ಜಾಗಾ ಇಲ್ಲ. ನಡುವ, ಮ್ಯಾಲಿನ ವೈನಿ ಛತ್ರಿ ಹಿಡಕೊಂಡು ಕಾವಲ ಕುಂತಾಳ.

"ಯಾಕ್ರಿ ವೈನಿ, ನಿಮಗೂ ಬೂಷ್ಟು ಹತ್ತೇದೇನ್ರಿ?" ಅಂದೆ. ಹೌದು ಅನ್ನಲಿ ಶಿವನೇ ಅಂತ ಮನಸಿನ್ಯಾಗ ಬೇಡ್ಕೊಂಡೆ.

"ಅಯ್ಯ, ಇಲ್ರಿ ಅಕ್ಕಾರ! ನಮ್ಮವು ಎಲ್ಲಾ ಒಣಾನ ಅದಾವ. ಬಿಸಲು ಫುಕಟ್ ಬಿದ್ದದಲ್ಲ, ವ್ಯರ್ಥ ಯಾಕ ಮಾಡೋದು ಅಂತ ಹಾಕೀನಿ."

ನಾ ಒಂದು ಮೂಲ್ಯಾಗ ಕೌದಿ ಮುದ್ದಿ ಮಾಡಿ ಇಟ್ಟೆ. ಅದರ ಮ್ಯಾಲ ಬಿಸಲು ಬೀಳೋ ಹೊತ್ತಿಗೆ ಮತ್ತ ಮ್ವಾಡ ಮುಚ್ಚಿತು. ಮಂದಿಗೆ ಬಂಗಾರ ಇರ್ತದ, ಹೊಲ ಇರ್ತದ, ಅದಕ್ಕೆಲ್ಲಾ ನಾ ಹೊಟ್ಟಿಕಿಚ್ಚು ಪಟ್ಟಾಕಿ ಅಲ್ಲ. ಒಣಗಿದ ಹಾಸಿಗೀನ ಮತ್ತ ಒಣಗಸೋ ಸೊಕ್ಕಿಗೆ ಮಾತ್ರ ನನಗ ಮೂರು ದಿನ ರೊಟ್ಟಿ ರುಚಿ ಹತ್ತಲಿಲ್ಲ.

ಹಸರು

ನಮ್ಮ ಮನಿಯವರ ಅಣ್ಣ ಬೇಮಳಖೇಡದಾಗ ಇರ್ತಾರ, ಹೊಲ ನೋಡ್ಕೊಂಡು. ಪ್ರತಿ ಮಳಿಗಾಲಕ್ಕ ಫೋನ್‌ನ್ಯಾಗ ಹೊಲದ ಫೋಟೋ ಕಳಸ್ತಾರ, ತೊಗರಿ ಹ್ಯಾಂಗ ಎದ್ದದ ನೋಡು ಅಂತ. ನಮ್ಮವರು ಅದನ್ನ ನೋಡಿ ನೋಡಿ ಉಸ್ ಅಂತಿದ್ರು.

ಒಂದಿನ ಮದವಿ ಕರೆ ಬಂತಂತ ಹಲಗಿ ಮ್ಯಾಲಿಟ್ಟ ಬೂಟು ಇಳಿಸಿದ್ರು. ಬೂಟಿನ ಮ್ಯಾಲ ಬೆರಳು ಮುಳಗೋವಷ್ಟು ಹಸರು. ನಾ ಇನ್ನೇನು ಬೈತಾರ ಅಂತ ಅಡಿಗಿಮನಿಗೆ ಸರದೆ. ಇವರು ಬೂಟು ಖಿಡಕಿ ಹಂತೇಲಿ ಇಟ್ಟು, ಫೋಟೋ ತಗದು, ಅಣ್ಣಗ ಕಳಿಸಿದ್ರು.

"ಏನಂತ ಬರದ್ರಿ?" ಅಂದೆ.

"ನೀರಾವರಿ ಇಲ್ದ ಬೆಳದೀನಿ ಅಂತ."

ಹೊಗಿ

ನಮ್ಮತ್ತಿ ಊರಿಂದ ಬಂದ್ರು. ಮನಿಯೊಳಗ ಕಾಲಿಡೋದ್ರಾಗ ಮೂಗು ಹಿಡಕೊಂಡು, "ಇದೇನ್ ಮನಿಯೋ ಹಗೇವೋ?" ಅಂದ್ರು. ಹಗೇವು ಅಂದ್ರ ಜ್ವಾಳ ತುಂಬೋ ನೆಲದಾಗಿನ ಗುಂಡಿ. ಆಮ್ಯಾಲ ಸೀರಿ ಸೆರಗ ಟೊಂಕಕ್ಕ ಸಿಗಸಿ, "ಸಗಣಿ ಕುಳ್ಳು ತಾ, ಬೇವಿನ ಎಲಿ ತಾ. ಹೊಗಿ ಹಾಕಿದ್ರ ಬೂಷ್ಟು ಅಲ್ಲ, ಅದರಪ್ಪನೂ ಓಡಿ ಹೋಗ್ತಾನ" ಅಂತ ಹುಕುಂ ಮಾಡಿದ್ರು.

ಕಪಾಟ, ಟ್ರಂಕು ಎಲ್ಲಾ ಬಾಯಿ ತೆರದಿಟ್ಟು, ಹಳೀ ಬುಟ್ಟ್ಯಾಗ ಬೇವು ಕುಳ್ಳು ಹಾಕಿ ಹೊಗಿ ಎಬ್ಬಿಸಿ, ನಾವು ಹೊರಗ ಕಟ್ಟಿ ಮ್ಯಾಲ ಕುಂತಿವಿ. ಕೆಳಗಿನ ಹೊಗಿ ಕೆಳಗ ಇರಬೇಕಲ್ರಿ? ಇರಲಿಲ್ಲ. ಮ್ಯಾಲ ಹತ್ತಿತು. ಸಂದ್ಯಾಗಿನ ಮಂದಿ ಬೆಂಕಿ ಹತ್ತೇದ ಅಂತ ಕೊಡ ತಗೊಂಡು ಓಡಿ ಬಂದ್ರು. ಮ್ಯಾಲಿನ ವೈನಿ ಕೆಮ್ಮಕೋತ, ಕಣ್ಣೀರು ಒರಸಕೋತ ಇಳದು ಬಂದ್ಳು. ಖರೆ ಹೇಳ್ತೀನಿ, ಅಕಿ ಕೆಮ್ಮು ಕೇಳಿ ನನ್ನ ಜೀವಕ್ಕ ಭಾಳ ತಂಪಾತು.

ಮರದಿನ ನಮ್ಮ ಕಪಾಟ ನೋಡ್ತೀನಿ, ಬೂಷ್ಟು ಇದ್ದಲ್ಲೇ ಅದ, ಮ್ಯಾಲ ಹೊಗಿ ವಾಸನಿ ಬ್ಯಾರೆ. ಅಷ್ಟರಾಗ ಮ್ಯಾಲಿನ ವೈನಿ ಒಂದು ವಾಟಿ ಹುಗ್ಗಿ ಹಿಡಕೊಂಡು ಬಂದ್ಳು.

"ಅಕ್ಕಾರ, ನಿಮ್ಮ ಹೊಗಿಗೆ ನಮ್ಮ ಮನ್ಯಾಗಿನ ಸೊಳ್ಳಿ, ತಿಗಣಿ ಎಲ್ಲಾ ಸತ್ತಾವ ನೋಡ್ರಿ! ಮುಂದಿನ ವಾರನೂ ಹಾಕ್ತೀರೇನು?"

ಮಾಲಕರ ಮನಿ

ಇನ್ನ ಸಾಕಂತ ಮಾಲಕರಿಗೆ ಮಾರಿ ಮ್ಯಾಲ ಹೇಳಿ ಬರೋಣ ಅಂತ ಹೊಂಟೆ. ಅವರಿರೋದು ಹುಮನಾಬಾದದಾಗ. ಫೋನ್ ಮಾಡಿದ್ರ "ನೋಡೋಣ್ರಿ" ಅಂತ ಇಟ್ಟುಬಿಡ್ತಾರ. ಅದಕ್ಕ ಸಾಕ್ಷಿಗಂತ ಮನಿಯವರ ಬೂಷ್ಟು ಹತ್ತಿದ ಮದವಿ ಕೋಟು ಚೀಲದಾಗ ಹಾಕ್ಕೊಂಡು ಬಸ್ ಹತ್ತಿದೆ. ಬಸ್‌ನ್ಯಾಗ ಉಸಿರಾಡಾಕ ಜಾಗಾ ಇರಲಿಲ್ಲ. ಒಂದು ಸೀಟಿನ್ಯಾಗ ಹ್ಯಾಂಗೋ ತೂರಿ ಕುಂತು, ಚೀಲದ ಬಾಯಿ ಜರಾ ಬಿಚ್ಚಿದೆ ನೋಡ್ರಿ. ಬಾಜೂ ಕುಂತಾಕಿ, ಚಿಟಗುಪ್ಪಕ್ಕ ಹೊಂಟಾಕಿ, ಮೂಗಿಗೆ ಸೆರಗ ಹಿಡದು ಎದ್ದು ನಿಂತ್ಳು. ಹಿಂದಿನವರೂ ಸರದ್ರು. ಹುಮನಾಬಾದತನಕ ನಾ ಕಾಲು ಚಾಚಿ ಕುಂತು ಹೋದೆ. ನಿಂತ ಮಂದಿ ನನ್ನನ್ನ ಹೊಟ್ಟಿಕಿಚ್ಚಿಲೆ ನೋಡಾಕತ್ತಿದ್ರು. ಆ ಬೂಷ್ಟಿಂದ ನನಗಾದ ಲಾಭ ಅದೊಂದ.

ಮಾಲಕರು ಬಾಗಲದಾಗ ಬನಿಯನ್ ಮ್ಯಾಲ ನಿಂತಿದ್ರು. ನಾ ಕೋಟು ತಗದು ಅವರ ಮುಂದ ಝಾಡಿಸಿದೆ. ಅವರು ಸೀನಿ, "ಬರ್ರಿ ಒಳಗ" ಅಂತ ಕರಕೊಂಡು ಹೋಗಿ ಸೀದಾ ತಮ್ಮ ಕಪಾಟ ತೆರದು ತೋರಿಸಿದ್ರು. ಅವರ ಕೋಟು ನಮ್ಮವರ ಕೋಟಿಗಿಂತ ಹಸರ ಇತ್ತು. ಅವರ ಗ್ವಾಡಿಯೊಳಗ ನೀರು ಇಳೀತದಂತ, ಮ್ಯಾಲಿನ ನೀರಿನ ಟಾಕಿ ಸೋರತದಂತ.

ನನ್ನ ಸಿಟ್ಟೆಲ್ಲಾ ಎತ್ತ ಹೋತೋ ಏನೋ. "ಹಂಗಾರ ಏನು ಮಾಡೋದ್ರಿ ಮಾಲಕರ?" ಅಂದೆ.

ಅವರು ಉಸ್ ಅಂದ್ರು. "ನಿಮ್ಮದ ಚಲೋ ಅದ ತಂಗಿ. ನಿಮಗ ಬೈಯಾಕರ ಒಬ್ಬ ಮಾಲಕ ಇದ್ದಾನ. ನಾ ಬಸ್ ಹತ್ತಿ ಯಾರ ಮನಿಗೆ ಹೋಗ್ಲಿ?"

ಅಜ್ಜಾರ ಕೃಪಾ

ಈಗ ಹೇಳೋ ಪ್ರಸಂಗದ ಮುಂದ ಇಲ್ಲೀತನಕ ಹೇಳಿದ್ದೆಲ್ಲಾ ಏನೂ ಅಲ್ಲ.

ನಮ್ಮ ದೇವರ ಜಗಲಿ ಮ್ಯಾಲ, ಹಸಿ ಗ್ವಾಡಿಗೆ, ನಮ್ಮ ಮಠದ ಸ್ವಾಮಿ ಅಜ್ಜಾರ ಫೋಟೋ ಹಾಕಿದ್ದಿವಿ. ಅಜ್ಜಾರು ಶಿವನ ಪಾದ ಸೇರಿ ಭಾಳ ವರ್ಷ ಆತು. ಶ್ರಾವಣ ಸೋಮವಾರ ಮುಂಜಾನಿ ನಮ್ಮತ್ತಿ ಪೂಜಾ ಮಾಡಾಕ ಹೋದಾಕಿ ಒಮ್ಮೆಲೆ ಚೀರಿದ್ರು.

"ಏ ಸೊಸೀ! ಅಜ್ಜಾರ ಹಣಿ ಮ್ಯಾಲ ವಿಭೂತಿ ಎದ್ದದ!"

ಹೋಗಿ ನೋಡಿದೆ. ಹಣಿ ಮ್ಯಾಲ ಬೆಳ್ಳಗ ಒಂದಿಷ್ಟು ಚುಕ್ಕಿ ಖರೇನ ಇದ್ದವು. "ಅತ್ತೀ, ಅದು ಬೂಷ್ಟು" ಅಂದೆ.

"ಬಾಯಿ ಮುಚ್ಚ! ಫೋಟೋದ ಗಾಜಿನ ಹೊರಗ ಇದ್ರ ಬೂಷ್ಟು ಅನ್ನು. ಇದು ಗಾಜಿನ ಒಳಗ ಬಂದದ. ಬೂಷ್ಟಿಗೇನು ಬಾಗಲ ತೆಗಿಯಾಕ ಬರ್ತದ?"

ನಾ ಮತ್ತೇನರ ಅನ್ನೋದ್ರಾಗ ಅತ್ತಿ ಹೊರಗ ಕಟ್ಟಿ ಮ್ಯಾಲ ನಿಂತು ಸಂದಿಗೆಲ್ಲಾ ಸಾರಿಬಿಟ್ಟಿದ್ರು. ಅರ್ಧ ತಾಸಿನ್ಯಾಗ ನಮ್ಮ ಮನಿ ಮುಂದ ಚಪ್ಲಿ ರಾಶಿ. ಟೆಂಗಿನಕಾಯಿ, ಊದಿನಕಡ್ಡಿ, ಹೂವು. ಯಾವಾಗಲೂ ನಮ್ಮ ಮನಿ ವಾಸನಿಗೆ ಮೂಗು ಮುಚ್ಚಕೊಂಡು ಹೋಗೋರು ಅವತ್ತು ಒಳಗ ಬಂದು ಉಸಿರು ಎಳಕೊಂಡು, "ಏನು ಶಾಂತಿ ಅದ್ರಿ ಈ ಮನ್ಯಾಗ" ಅಂದ್ರು.

ಮ್ಯಾಲಿನ ವೈನಿ ಕಟ್ಟಕಡೀಗೆ ಬಂದ್ಳು. ಹೊಸ್ತಲದಾಗ ನಿಂತು, ಫೋಟೋ ನೋಡಿ, ಮಂದಿ ನೋಡಿ, ನನ್ನ ನೋಡಿದ್ಳು. ಆ ಮಾರಿ ನನಗ ಭಾಳ ಗುರ್ತಿನ ಮಾರಿ. ಅಕಿ ಹಾಸಿಗಿ ಒಣಗಸಾಕ ಹಾಕಿದಾಗ ನಂದು ಹಂಗ ಇತ್ತು.

"ನಮ್ಮ ಮನ್ಯಾಗೂ ಇದ ಅಜ್ಜಾರ ಫೋಟೋ ಅದ್ರಿ," ಅಂದ್ಳು. "ದಿನಾ ತಪ್ಪದ ಹೂ ಏರಸ್ತೀನಿ. ನಿಮ್ಮಂಗ ನೆನಪಾದಾಗ ಅಲ್ಲ."

ಅಕಿಗೆ ನನ್ನ ಮ್ಯಾಲ ಹೊಟ್ಟಿಕಿಚ್ಚು! ನನಗ ರೆಕ್ಕಿ ಬಂದಂಗಾತು. ಎಷ್ಟು ಮಂದಿ ಬಂದ್ರೂ ಚಹಾ ಮಾಡಿ ಮಾಡಿ ಕೊಟ್ಟೆ.

ಮರದಿನ ಮಂದಿ ಕರಗಿದ ಮ್ಯಾಲ ಅಕಿ ಒಬ್ಬಾಕೀನ ಬಂದು ಕುಂತ್ಳು. ಉಗುರು ಕಚ್ಚಕೋತ, "ಅಕ್ಕಾರ, ಒಂದು ಮಾತು ಕೇಳ್ತೀನಿ, ಇಲ್ಲ ಅನಬ್ಯಾಡ್ರಿ. ನಾವು ಕೆಳಗ ಬರ್ತೀವಿ. ನೀವು ಮ್ಯಾಲ ಹೋಗ್ರಿ" ಅಂದ್ಳು.

ಇಷ್ಟು ದಿನ ಬೇಡಿದ ಮನಿ ತಾನಾಗೇ ಬಂದು ಉಡ್ಯಾಗ ಬಿದ್ದದ. ಆದ್ರ ಅಕೀದು ಎರಡು ಸಣ್ಣ ಕೂಸಿನ ಮನಿ. ಸುಳ್ಳು ಹೇಳಿ ಮನಿ ತಗೊಂಡ್ರ ನನಗ ಆ ಮಾಳಗಿ ಬಿಸಲು ದಕ್ಕೋದಿಲ್ಲ ಅನಿಸ್ತು.

"ವೈನಿ, ಅದು ವಿಭೂತಿ ಅಲ್ರಿ. ಬೂಷ್ಟು. ಗ್ವಾಡಿ ಮುಟ್ಟಿ ನೋಡ್ರಿ, ಹಸಿ ಹಸಿ ಅದ."

"ಬಿಟ್ಟುಕೊಡೋ ಮನಸಿಲ್ಲ, ಅದಕ್ಕ ಹಂಗಂತೀರಿ."

"ನನ್ನಾಣಿ ಬೂಷ್ಟು! ಬರ್ರಿ, ಕಪಾಟ ತೆರದ ತೋರಸ್ತೀನಿ."

ಕೈ ಹಿಡದು ಕರಕೊಂಡು ಹೋಗಿ ಕಪಾಟ ತೆರದೆ. ನಮ್ಮ ಮನಿಯವರ ಪ್ಯಾಂಟು ಮ್ಯಾಲಿಂದ ಕೆಳಗಿನತನಕ ಬೆಳ್ಳಗಾಗಿ ಜೋತು ಬಿದ್ದಿತ್ತು. ಮ್ಯಾಲಿನ ವೈನಿ ಬಾಯಿ ತೆರದು ನಿಂತ್ಳು. ಆಮ್ಯಾಲ ತಲಿ ಮ್ಯಾಲ ಸೆರಗ ಹೊತ್ತು, ಎರಡೂ ಕೈ ಮುಗದು, "ಕಪಾಟದಾಗೂ ಬಂದಾರೇನ್ರಿ ಅಜ್ಜಾರು!" ಅಂದ್ಳು. ಹಿಂದ ನಿಂತ ನಮ್ಮ ಮನಿಯವರು ತಮ್ಮ ಪ್ಯಾಂಟಿಗೆ ನಮಸ್ಕಾರ ಬಿದ್ದದ್ದು ನೋಡಿ ನಾಚಿ ಹೊರಗ ಹೋದ್ರು.

ಇನ್ನ ನಾ ಏನು ಹೇಳ್ಲಿ? ಅಕೀನ ಮಾಲಕರಿಗೆ ಫೋನ್ ಮಾಡಿದ್ಳು. ಅವರಿಗೂ ಹೇಳಿದೆ, ಗ್ವಾಡಿ ರಿಪೇರಿ ಮಾಡಸ್ರಿ, ಮನ್ಯಾಗ ಸಣ್ಣ ಕೂಸು ಅದಾವ ಅಂತ. "ಗೌಂಡಿನ ಕಳಸ್ತೀನಿ ತಂಗಿ. ಇಬ್ಬರಿಗೂ ಖುಷಿ ಇದ್ರ ಮನಿ ಅದಲಿಬದಲಿ ಮಾಡ್ಕೋರಿ" ಅಂದ್ರು. ಮಾಡಿಕೊಂಡಿವಿ. ಮ್ಯಾಲಿನ ಮನಿಗೆ ಹೋದ ದಿನ ನಮ್ಮವ್ವನ ಕೌದಿ ನಡು ಮಾಳಗಿಗೆ ಹಾಸಿ, ಬಾಜೂ ನಾನೂ ಮಕ್ಕೊಂಡೆ. ಸುಖ ಅಂದ್ರ ಅದು. ಅತ್ತಿಗೆ ಮಾತ್ರ ಸಮಾಧಾನ ಇಲ್ಲ. ಫೋಟೋದಾಗಿನ ಬಿಳಪು ಬಿಸಲಿಗೆ ಒಣಗಿ ಉದರಿ ಹೋಗಿತ್ತು. "ಅಜ್ಜಾರ ಹಣಿ ಬೋಳು ಮಾಡಿದಿ" ಅಂತ ಒಂದ ಸವನ ಬೈಯಾಕತ್ತಿದ್ರು.

ಗೌಂಡಿ ಬರೋಕಿಂತ ಮೊದಲ ಆ ವೈನಿ ಮ್ಯಾಲ ಹತ್ತಿ ಬಂದ್ಳು. ಕಂಕಳದಾಗ ಒಂದು ಗಂಟು, ಕಣ್ಣಾಗ ನೀರು.

"ಅಕ್ಕಾರ, ನಾ ಏನು ಪಾಪ ಮಾಡೀನ್ರಿ? ನಮ್ಮ ಫೋಟೋ ಮ್ಯಾಲ ಒಂದು ಚುಕ್ಕಿ ಸುದ್ದಾ ಬರಲಿಲ್ಲ. ಅಜ್ಜಾರು ನನ್ನ ರೇಷ್ಮಿ ಸೀರಿ ಮ್ಯಾಲ ಯಾಕ ಬಂದ್ರು?"

ಈಗರ ತಿಳೀತಲ್ಲ ಅಂತ ನಾ ಸಮಾಧಾನ ಹೇಳಾಕ ಬಾಯಿ ತೆರದೆ. ಅಕಿ ಗಂಟಿನ್ಯಾಗಿನ ಸೀರಿ ತಗದು ಹಾಸಿದ್ಳು. ಘಡಿ ಹಾಕಿ ಮಡಚಿ ಇಟ್ಟ ಸೀರಿ ಅಲ್ಲೇನ್ರಿ, ಮಡಿಕಿ ಇದ್ದಲ್ಲೆ ಅಷ್ಟ ಬೂಷ್ಟು ಹತ್ತಿತ್ತು. ಅಡ್ಡ ಮೂರು ಗೆರಿ. ಬೆಳ್ಳಗ, ಸೀದಾ, ಯಾರೋ ಮೂರು ಬೆರಳಿಲೆ ಎಳದಂಗ.

ನಮ್ಮತ್ತಿ ಬಂದು ನೋಡಿ ಸೀರೀನ ಕಣ್ಣಿಗೊತ್ತಿಕೊಂಡ್ರು. "ಸೊಸೀ, ಇದಕ್ಕಂತಾರ ಕೃಪಾ! ನಮಗ ಬರೇ ಚುಕ್ಕಿ ಬಂದಿದ್ದವು. ಇಕಿಗೆ ನೋಡು, ಪೂರ್ತಿ ಮೂರು ಪಟ್ಟಿ!" ಅಂದವರ ಆ ವೈನಿ ಕೈ ಹಿಡಕೊಂಡು ಕೆಳಗ ಇಳದ್ರು. ಜರಾ ಹೊತ್ತಿಗೆ ಕೆಳಗಿನ ಬಾಗಲದಾಗ ಮತ್ತ ಚಪ್ಲಿ ರಾಶಿ, ಟೆಂಗಿನಕಾಯಿ ಒಡಿಯೋ ಸಪ್ಪಳ. ಅಳಕೋತ ಬಂದಾಕಿ ನಗಕೋತ ಚಹಾ ಹಂಚಾಕತ್ತಿದ್ಳು.

ನಾ ಮಾಳಗಿ ಅಂಚಿಗೆ ನಿಂತು ಬಗ್ಗಿ ನೋಡ್ದೆ. ಬಿಸಲು ಬಿದ್ದಿತ್ತು. ಕಪಾಟ ಒಣಾ ಇತ್ತು. ಕೌದಿ ಬೆಚ್ಚಗಿತ್ತು. ಆದ್ರ ಇಷ್ಟು ವರ್ಷ ಆ ಮನ್ಯಾಗ ಕೊಳತಾಕಿ ನಾನು, ಕೆಮ್ಮಿದಾಕಿ ನಾನು, ನನಗ ಬರೇ ಚುಕ್ಕಿ. ಮೊನ್ನೆ ಹೋದಾಕಿಗೆ ಮೂರು ಪಟ್ಟಿ!

"ಏನು, ಬಿಸಲು ಕಾಯಿಸ್ಕೊಳ್ಳಾಕತ್ತೀ?" ಅಂದ್ರು ಮನಿಯವರು ಹಿಂದಿಂದ.

"ಬಿಸಲು ಇರಲಿ," ಅಂದೆ. "ಮಾಲಕರಿಗೆ ಜರಾ ಫೋನ್ ಹಚ್ರಿ. ನಾವು ಮತ್ತ ಕೆಳಗ ಹೋಗ್ತೀವಿ ಅಂತ ಹೇಳ್ರಿ."