ಅಡುಗೆಮನೆ–ಜಗಲಿ ರೈಲುಮಾರ್ಗ

ಅಂಕೋಲಾ ತಾಲೂಕಿನ ಒಂದು ಪುನರ್ವಸತಿ ಕಾಲನಿಯಲ್ಲಿ, ಪುಂಡಲೀಕ ಎಂಬವರ ಅಡುಗೆಮನೆಯಿಂದ ಹೊರಟು ಅವರದೇ ಜಗಲಿಯನ್ನು ತಲುಪುವ ರೈಲುಮಾರ್ಗವು ೨೦೦೬ರ ಮಳೆಗಾಲದಲ್ಲಿ ಕಾರ್ಯಾರಂಭ ಮಾಡಿತೆಂಬುದು ನಿರ್ವಿವಾದ ಸಂಗತಿ. ಇದರಿಂದ ನಾಡಿಗಾದ ಪ್ರಯೋಜನಗಳನ್ನು ಮುಂದೆ ವಿವರಿಸಲಾಗಿದೆ.

ಪುಂಡಲೀಕ ಬೋಟಿನ ಇಂಜಿನ್ ರಿಪೇರಿಯವನು. ಚೆಂಡಿಯಾದ ಸಮುದ್ರದಂಚಿನ ಮನೆ ನೌಕಾನೆಲೆಗೆಂದು ಸರ್ಕಾರದ ಪಾಲಾದಮೇಲೆ ಅವನೂ ಹೆಂಡತಿ ರುಕ್ಮಿಣಿಯೂ ಇಲ್ಲಿ ಇನ್ನೊಂದು ಮನೆ ಕಟ್ಟಿಕೊಂಡಿದ್ದರು. ಮಳೆಗಾಲದಲ್ಲಿ ಬೋಟುಗಳು ದಡ ಹತ್ತಿ ಕೂತಾಗ ಪುಂಡಲೀಕನೂ ಜಗಲಿ ಹತ್ತಿ ಕೂರುತ್ತಿದ್ದ, ಅಲ್ಲಿಂದಲೇ ಚಾ ಕೇಳುತ್ತಿದ್ದ.

"ತಂದು ತಂದು ನನ್ನ ಕಾಲು ಸವೀತು. ಬೇಕಾದ್ರೆ ನೀನೇ ಒಂದು ರೈಲು ಬಿಡು ರೇ!" ಎಂದಳು ರುಕ್ಮಿಣಿ.

ಅವನು ಬಿಟ್ಟ. ಸುಟ್ಟ ಫ್ಯಾನುಗಳ ತಾಮ್ರದ ತಂತಿ ಬಿಚ್ಚಿ, ದಪ್ಪ ಬೋಲ್ಟುಗಳಿಗೆ ಸುತ್ತಿ, ಅಡುಗೆಮನೆಯಿಂದ ಜಗಲಿಗೆ ಹಾಸಿದ ಹಳಿಯುದ್ದಕ್ಕೂ ನೆಟ್ಟ. ಬೋಟಿನ ಬ್ಯಾಟರಿಯಿಂದ ಕರೆಂಟು ಹರಿದರೆ ಬೋಲ್ಟು ಅಯಸ್ಕಾಂತವಾಗಿ, ಕಬ್ಬಿಣದ ತಳದ ಗಾಡಿಯನ್ನು ಎಳೆಯುತ್ತದೆ. ಗಾಡಿ ಹತ್ತಿರ ಬಂದಕೂಡಲೇ ಅಲ್ಲಿ ಕರೆಂಟು ತಪ್ಪಿ, ಮುಂದಿನ ಬೋಲ್ಟು ಎಳೆಯತೊಡಗುತ್ತದೆ. ಎಳೆಯುವುದು ಸುಲಭ, ಬಿಡುವುದೇ ಕಷ್ಟ, ಎಂದು ಪುಂಡಲೀಕ ಹೇಳುತ್ತಿದ್ದ. ಹೊತ್ತಿಗೆ ಸರಿಯಾಗಿ ಬಿಡದಿದ್ದರೆ ಗಾಡಿ ಅಲ್ಲೇ ಅಂಟಿಕೊಂಡು ಚಾ ತಣ್ಣಗಾಗುತ್ತದೆ.

ಮಳೆ ಬಿಟ್ಟಮೇಲೆ ಹಳಿಯನ್ನು ಅಂಗಳದ ಸುತ್ತಲೂ ಒಯ್ಯುವ ಆಸೆ ಹುಟ್ಟಿತು. ಸೊಟ್ಟಾಗದಿರಲೆಂದು ಬೇಲಿಯ ಉದ್ದಕ್ಕೆ ಕಲ್ಲು ಹುಗಿದ. ಉಳಿದಿದ್ದ ಬೋಟಿನ ಕೆಂಪು ಬಣ್ಣವನ್ನು ಕಲ್ಲುಗಳ ತಲೆಗೆ ಬಳಿದ. ಅವನು ಎಡವಿದ್ದು ಇಲ್ಲೇ.

ಚೆಂಡಿಯಾದಿಂದ ಬಂದವರಿಗೆ ಬಣ್ಣದ ಕಲ್ಲಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಸರ್ವೆಯವರ ಕಲ್ಲು ಬಿದ್ದಾಗ ಇವರು ಸುಮ್ಮನಿದ್ದರು. ಮರಕ್ಕೂ ಪರಿಹಾರವುಂಟೆಂದು ತಿಳಿಯುವಷ್ಟರಲ್ಲಿ ಜಾಗ ಹೋಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು. ಹಾಗಾಗಿ ಈ ಸಲ ಬೆಳಗಾಗುವುದರೊಳಗೆ ಪಕ್ಕದ ಮನೆಯ ಹುಲಿಯಾ ಬೇಲಿಯುದ್ದಕ್ಕೂ ತೆಂಗಿನ ಸಸಿ ನೆಟ್ಟಿದ್ದ. ಹಿಂದಿನ ಮನೆಯ ಗಂಗೂ ಒಣಮೀನಿನ ಚಪ್ಪರಕ್ಕೊಂದು ಬಾಗಿಲು ಕೂರಿಸಿ, ಅದನ್ನು ಮನೆಯೆಂದು ಘೋಷಿಸಿದಳು. ಮಧ್ಯಾಹ್ನ ಎಲ್ಲರೂ ಒಟ್ಟಾಗಿ ಕಾರವಾರಕ್ಕೆ ಹೋಗಿ, ತಾವು ರೈಲ್ವೆ ನಿರಾಶ್ರಿತರೆಂದು ಅರ್ಜಿ ಕೊಟ್ಟರು.

ಕಾರವಾರದಲ್ಲಿ ಶೇಷ ಭೂಸ್ವಾಧೀನ ಕಚೇರಿ ಎಂಬುದೊಂದಿತ್ತು. ಸ್ವಾಧೀನಕ್ಕೆ ಏನೂ ಶೇಷ ಉಳಿಯದೆ ಅದನ್ನು ಮುಚ್ಚುವ ಆದೇಶ ಬಂದಿತ್ತು. ಅಧಿಕಾರಿ ಮಂಜುನಾಥರಿಗೆ ಬೀದರಕ್ಕೆ ವರ್ಗವಾಗಿತ್ತು. ಅವರು ಅರ್ಜಿಗಳನ್ನು ಕಣ್ಣಿಗೊತ್ತಿಕೊಂಡು ಜೀಪು ಹತ್ತಿದರು.

"ರೈಲು ಚಾಲ್ತಿಯಲ್ಲಿದೆಯೇ?"

"ಅದೆ ಸಾಹೇಬ್ರೆ," ಎಂದ ಪುಂಡಲೀಕ, ಹೆಮ್ಮೆಯಿಂದ. "ಚಾ ತರ್ತದೆ."

"ಸರಕು ಸಾಗಣೆ," ಎಂದು ಮಂಜುನಾಥರು ಬರೆದುಕೊಂಡರು.

ಗಾಡಿ ಟಕ್ ಟಕ್ ಎನ್ನುತ್ತ ಬಂತು. ಮಂಜುನಾಥರು ಲೋಟ ಎತ್ತಿ ಕುಡಿದರು. ಮನೆಯವರಲ್ಲದ ಪ್ರಜೆಯೊಬ್ಬರು ಸೇವೆ ಪಡೆದಿದ್ದರಿಂದ ಸಾರ್ವಜನಿಕ ಉದ್ದೇಶ ಅಲ್ಲಿಗೆ ಸಾಬೀತಾಯಿತು. ಸಕ್ಕರೆ ಕಡಿಮೆ ಎಂಬ ಆಕ್ಷೇಪವನ್ನು ಪ್ರತ್ಯೇಕವಾಗಿ ದಾಖಲಿಸಲಾಯಿತು.

ಕೆಲವು ದಿನಗಳಲ್ಲಿ ಬಾಗಿಲಿಗೆ ಪ್ರಕಟಣೆ ಅಂಟಿತು: "ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಹಳಿ ಹಾದುಹೋಗುವ ಕಟ್ಟಡದಲ್ಲಿ ಯಾರೂ ವಾಸಿಸತಕ್ಕದ್ದಲ್ಲ. ಸದರಿ ಮಾರ್ಗವು ಅಡುಗೆಮನೆಯಲ್ಲಿ ಹುಟ್ಟಿ ಜಗಲಿಯಲ್ಲಿ ಕೊನೆಗೊಳ್ಳುವುದರಿಂದ, ನಡುವೆ ಅಡ್ಡವಾಗಿರುವ ಮನೆಯನ್ನು ಸ್ವಾಧೀನಪಡಿಸಿಕೊಳ್ಳಲಾಗಿದೆ."

ನಿಯಮದ ಪ್ರಕಾರ ಅಹವಾಲು ಸಭೆಯೂ ನಡೆಯಿತು. "ಇದು ಆಟಿಕೆ ಸಾಹೇಬ್ರೆ! ಈಗಿಂದೀಗ ಕಿತ್ತು ಬಿಸಾಕ್ತೆ," ಎಂದು ಪುಂಡಲೀಕ ಕೈಮುಗಿದ.

"ಕಿತ್ತರೆ ಸಾರ್ವಜನಿಕ ಆಸ್ತಿಯ ನಾಶವಾಗುತ್ತದೆ," ಎಂದರು ಮಂಜುನಾಥರು, ಬಹಳ ಮೃದುವಾಗಿ. "ಯೋಜನೆ ಶುರುಮಾಡುವ ಅಧಿಕಾರ ನಮಗಿದೆ. ನಿಲ್ಲಿಸುವ ಅಧಿಕಾರವನ್ನು ಸರ್ಕಾರ ಯಾರಿಗೂ ಕೊಟ್ಟಿಲ್ಲ."

ಹುಲಿಯಾ ಎದ್ದು ನಿಂತ. "ಹಂಗೆಲ್ಲ ಕೀಳೂಕಿಲ್ಲ ಪುಂಡಲೀಕಾ. ನಮ್ಮ ಸಸಿ ಗತಿ ಎಂತದು? ಊರು ಉದ್ಧಾರ ಆಗೂದು ಬ್ಯಾಡ್ವಾ?"

ಆಗ ರುಕ್ಮಿಣಿ ಮುಂದೆ ಬಂದಳು. "ಒಂದ್ಸಲ ದೇಶಕ್ಕಾಗಿ ಮನಿ ಬಿಟ್ಟು ಬಂದೆ. ಈ ಮನಿ ಗೋಡೆಗೆ ಮಣ್ಣು ಹೊತ್ತದ್ದು ನಾನು. ಒಂದು ಲೋಟ ಚಾಕ್ಕಾಗಿ ನಾ ಬಿಡೂದಿಲ್ಲ, ಕೇಳ್ತಾ? ನೀವೆಲ್ಲ ಅಲ್ಲಿ ನನ್ನ ಸಂಗ್ತಿಗೆ ಕೂತು ಅತ್ತವ್ರೇ ಅಲ್ವಾ?" ಕಾಲನಿಯವರೆಲ್ಲ ತಲೆ ತಗ್ಗಿಸಿದರು. ತಗ್ಗಿದ ತಲೆಗಳನ್ನು ಸಮ್ಮತಿಯೆಂದು ಎಣಿಸಿ ಸಭೆ ಮುಗಿಸಲಾಯಿತು.

ಮನೆಯನ್ನು ಕೆಡವಲಿಲ್ಲ. ಸರ್ಕಾರ ಅಷ್ಟೊಂದು ನಿರ್ದಯವಲ್ಲ. ಯೋಜನೆಯ ಮೇಲ್ವಿಚಾರಣೆಗೆಂದು ಮಂಜುನಾಥರ ಕಚೇರಿಯೇ ಅಲ್ಲಿಗೆ ಬಂತು, ಬೀದರದ ವರ್ಗ ರದ್ದಾಯಿತು. ಹುಲಿಯಾ ಸಸಿಗಳ ಪರಿಹಾರದಲ್ಲಿ ಟಿವಿ ತಂದ. ರೈಲಿಗೆ ಸುರಕ್ಷತಾ ಪ್ರಮಾಣಪತ್ರ ಇನ್ನೂ ಬಾರದ ಕಾರಣ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಾಗಿದೆ. ಪುಂಡಲೀಕನಿಗೆ ತಾಂತ್ರಿಕ ಅರ್ಹತೆಯಿಲ್ಲವಾದ್ದರಿಂದ ಅವನು ಮುಟ್ಟುವಂತಿಲ್ಲ.

ಗಂಡ ಹೆಂಡತಿ ಈಗ ಕಾರವಾರದ ಬಳಿಯ ಬಿಣಗಾದಲ್ಲಿ ಬಾಡಿಗೆ ಕೋಣೆಯಲ್ಲಿದ್ದಾರೆ. ನಿರಾಶ್ರಿತರ ಕುಟುಂಬಕ್ಕೊಂದು ನೌಕರಿಯೆಂಬ ನಿಯಮದಂತೆ ರುಕ್ಮಿಣಿಗೆ ಆ ಕಚೇರಿಯಲ್ಲಿ ಚಹಾ ಮಾಡುವ ಕೆಲಸ ಸಿಕ್ಕಿದೆ. ದಿನವೂ ಬಸ್ಸು ಹಿಡಿದು ಬರುತ್ತಾಳೆ. ಅವಳ ಗುರುತಿನ ಚೀಟಿ ಹಿತ್ತಲ ಬಾಗಿಲಿಗೂ ಅಡುಗೆಮನೆಗೂ ಮಾತ್ರ ಸಲ್ಲುತ್ತದೆ.

ಮೊನ್ನೆ ಸೆಕೆ ಜಾಸ್ತಿಯಾಗಿ ಅವಳು ಜಗಲಿಗೆ ಬಂದು, ಕಂಬಕ್ಕೆ ಒರಗಿ ಒಂದು ಗಳಿಗೆ ಕೂತಿದ್ದಳು. ಮಂಜುನಾಥರು ಗದರಲಿಲ್ಲ, ಜಗಲಿ ಪ್ರಯಾಣಿಕರಿಗೆ ಮೀಸಲು ಎಂದು ನೆನಪಿಸಿದರು, ಅಷ್ಟೆ.

"ತಪ್ಪಾಯ್ತು ಸಾಹೇಬ್ರೆ, ಮರ್ತೇಹೋಗಿತ್ತು," ಎಂದು ರುಕ್ಮಿಣಿ ಎದ್ದಳು. ಕೂತಿದ್ದ ಜಾಗವನ್ನು ಸೆರಗಿನಿಂದ ಒರೆಸಿ ಒಳಗೆ ಹೋದಳು.